ಇಪ್ಪತ್ತಾರು ಹೆಜ್ಜೆ ಆಚೆಯ ಯಂತ್ರ

ಹೆರಿಗೆ ಕೋಣೆಯ ಬಾಗಿಲಿನಿಂದ ಸ್ಕ್ಯಾನಿಂಗ್ ಕೋಣೆಯ ಬಾಗಿಲಿಗೆ ಇಪ್ಪತ್ತಾರು ಹೆಜ್ಜೆ. ನಾನೇ ಅಳೆದಿದ್ದೇನೆ. ಎಪ್ಪತ್ಮೂರು ವರ್ಷದ ಮಂಡಿನೋವಿನ ಹೆಜ್ಜೆ ಅದು. ಮೈಯಲ್ಲಿ ಕಸುವಿದ್ದವರು ಹದಿನೆಂಟರಲ್ಲೇ ಮುಟ್ಟುತ್ತಾರೆ. ಅಷ್ಟು ದೂರವನ್ನು ದಾಟಲು ಅರುಣಕುಮಾರಿ ಎಂಬ ನರ್ಸಿಗೆ ಆರು ವರ್ಷ ಹಿಡಿಯಿತು. ಆಸ್ಪತ್ರೆಯ ಹೆಸರನ್ನು ನಾನು ಬರೆಯುವುದಿಲ್ಲ. ಬಂಗಾರಪೇಟೆ, ಕೆ.ಜಿ.ಎಫ್. ಸುತ್ತಿನ ಕೂಲಿ ಜನ ಹೆರಿಗೆಗೆ ಹೋಗುವ ಜಾಗ ಎಂದರೆ ಸಾಕು. ಹೆಸರು ಬರೆದರೆ ಅರುಣಳ ಮೇಲೆ ಮತ್ತೊಂದು ಕಾಗದ ಬರುತ್ತದೆ. ಅವಳಿಗೆ ಬಂದಿರುವ ಕಾಗದಗಳು ಈಗಾಗಲೇ ಒಂದು ಟ್ರಂಕಿನ ತಳ ಮುಚ್ಚುವಷ್ಟಿವೆ.

ಅರುಣ ನನ್ನ ಜೊತೆಗಾರ ಕುಪ್ಪುಸ್ವಾಮಿಯ ಮಗಳು. ಅವನೂ ನಾನೂ ಚಾಂಪಿಯನ್ ರೀಫ್ಸ್ ಗಣಿಯಲ್ಲಿ ಒಂದೇ ಪಾಳಿಯಲ್ಲಿ ಹತ್ತೊಂಬತ್ತು ವರ್ಷ ಇಳಿದವರು. ಒಳಗೆ ಮದ್ದು ಸಿಡಿಸಿ ಹೊಗೆ ತಿಳಿಯಾದ ಮೇಲೆ ಮೊದಲು ಕಾಲಿಡುತ್ತಿದ್ದವನು ಕುಪ್ಪುಸ್ವಾಮಿ. ಕೈಯಲ್ಲಿ ಆಳುದ್ದದ ಕಬ್ಬಿಣದ ಸಲಾಕೆ. ತಲೆಯ ಮೇಲಿನ ಬಂಡೆಯನ್ನು ಅದರಿಂದ ಕುಟ್ಟುವುದು, ಉಸಿರು ಹಿಡಿದು ಕಿವಿಗೊಡುವುದು. ಗಂಟೆಯಂತೆ ಟಣ್ ಎಂದರೆ ಬಂಡೆ ಗಟ್ಟಿ. ಒಡಕು ಮಡಕೆಯಂತೆ ಬೊದ್ ಎಂದರೆ ಒಳಗೆ ಬಿರುಕು. ಕಣ್ಣಿಗೆ ಎರಡೂ ಒಂದೇ ಬಣ್ಣ, ಒಂದೇ ಗಾತ್ರ. ಹಾಗೆ ಕುಟ್ಟಿ ನೋಡದೆ ನುಗ್ಗಹೊರಟ ಮೇಸ್ತ್ರಿಯೊಬ್ಬನನ್ನು ಕುಪ್ಪುಸ್ವಾಮಿ ಒಮ್ಮೆ ಅಂಗಿ ಹಿಡಿದು ಹಿಂದಕ್ಕೆ ಎಳೆದುಹಾಕಿದ. ಮೇಲಿನವರ ಮೈಮೇಲೆ ಕೈ ಮಾಡಿದನೆಂದು ಅವನನ್ನು ಒಂದು ವಾರ ಕೆಲಸದಿಂದ ಹೊರಗಿಟ್ಟರು. ಮೂರನೆಯ ದಿನ ಅದೇ ಜಾಗ ಕುಸಿದುಬಿತ್ತು. ಆದರೂ ಉಳಿದ ನಾಲ್ಕು ದಿನ ಅವನನ್ನು ಒಳಗೆ ಕರೆಯಲಿಲ್ಲ. ಆಗ ಅರುಣ ಒಂಬತ್ತು ವರ್ಷದ ಹುಡುಗಿ. ಅಪ್ಪ ಕೆಲಸದ ದಿನ ಹಟ್ಟಿಯ ಮುಂದೆ ಸುಮ್ಮನೆ ಕೂತಿದ್ದನ್ನು ಅವಳು ಇಂದಿಗೂ ಮರೆತಿಲ್ಲ.

ಮನೆಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ, ನೀರಿನ ಸಾಲಿನಲ್ಲಿ ತೆಲುಗು. ಹಾಗೆ ಬೆಳೆದವಳು ನರ್ಸಿಂಗ್ ಓದಿದಳು. ಗಣಿ ಮುಚ್ಚುವ ಹೊತ್ತಿಗೆ ಮನೆಯಲ್ಲಿ ಕೆಲಸವಿದ್ದವಳು ಅವಳೊಬ್ಬಳೇ. ಈಗ ಐವತ್ತಮೂರು. ಮೂವತ್ತು ವರ್ಷದಿಂದ ಹೆರಿಗೆ ಕೋಣೆಯಲ್ಲೇ ಇದ್ದಾಳೆ. ಬೇನೆ ತಿನ್ನುವ ಹೆಂಗಸು ಮಂಚ ಬಿಟ್ಟು ಇಳಿದರೆ ಬಯ್ಯದ ನರ್ಸನ್ನು ನಾನು ನೋಡಿದ್ದರೆ ಅವಳೊಬ್ಬಳನ್ನೇ. "ನಡೀ ಕಣ್ಣು, ಬಗ್ಗು, ಗೋಡೆ ಹಿಡ್ಕೋ, ಕೂಗ್ಬೇಕು ಅನ್ಸಿದ್ರೆ ಕೂಗು. ಇದೇನು ಲೈಬ್ರರಿಯಾ?" ಎನ್ನುತ್ತಾಳೆ.

ಅವಳ ಹೊಟ್ಟೆಯ ಮೇಲೂ ಒಂದು ಗೀರಿದೆ. ಮೊದಲ ಹೆರಿಗೆಗೆ ಯಾವುದೋ ನರ್ಸಿಂಗ್ ಹೋಮಿಗೆ ಸೇರಿದ್ದಳು. ಹದಿನೆಂಟು ತಾಸು ನೋವು ತಿಂದ ಮೇಲೆ "ದಾರಿ ಸಾಲದು" ಎಂದು ಕೊಯ್ದರು. ಮಗುವನ್ನು ತೆಗೆದ ಡಾಕ್ಟರು ಮಾರನೆಯ ಬೆಳಿಗ್ಗೆ ನಗುತ್ತ ಬಂದು, "ದಾರಿಯೆಲ್ಲ ಚೆನ್ನಾಗಿತ್ತಮ್ಮ. ಮಗು ಮುಖ ಮೇಲಕ್ಕೆ ಮಾಡಿಕೊಂಡಿತ್ತು, ಅಷ್ಟೇ" ಎಂದರಂತೆ. ಆ 'ಅಷ್ಟೇ' ಎಂಬ ಮಾತು ಅವಳ ಎದೆಯಲ್ಲಿ ಮುಳ್ಳಿನಂತೆ ಕೂತುಬಿಟ್ಟಿತು. ಹೊಟ್ಟೆಯೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬೆನ್ನಿನ ಕಡೆಗೆ ಮುಖ ಮಾಡಿ ಇಳಿಯುತ್ತದೆ. ಕೆಲವು ಕೂಸುಗಳು ಆಕಾಶ ನೋಡುತ್ತ ಇಳಿಯುತ್ತವೆ. ಆಗ ತಲೆಯ ಅಗಲದ ಭಾಗ ಸಿಕ್ಕಿಕೊಂಡು ಹೆರಿಗೆ ನಿಂತಲ್ಲೇ ನಿಲ್ಲುತ್ತದೆ. ಹಾಗಿದೆ ಎಂದು ಹೊತ್ತಿಗೆ ಸರಿಯಾಗಿ ತಿಳಿದರೆ ಹೆಂಗಸನ್ನು ಮಗ್ಗುಲು ಬದಲಿಸಿ ಮಲಗಿಸಬಹುದು, ಮಂಡಿಯೂರಿಸಬಹುದು, ಡಾಕ್ಟರು ಕೈಯಿಂದ ತಲೆಯನ್ನು ತಿರುಗಿಸಬಹುದು. ಎಲ್ಲರಿಗೂ ಫಲಿಸದು, ಹಲವರಿಗೆ ಫಲಿಸುತ್ತದೆ. ಆದರೆ ಮೊದಲು ತಿಳಿಯಬೇಕಲ್ಲ! ತಾಸುಗಟ್ಟಲೆ ಸಿಕ್ಕಿಕೊಂಡ ಮಗುವಿನ ನೆತ್ತಿ ಊದಿಕೊಂಡಿರುತ್ತದೆ. ಎಷ್ಟು ಪಳಗಿದ ಬೆರಳಿಗೂ ಅದು ಎತ್ತ ತಿರುಗಿದೆ ಎಂಬುದು ಹತ್ತುವುದಿಲ್ಲ.

ಅರುಣ ಕತ್ತಿಯ ವಿರೋಧಿಯಲ್ಲ. ಬೇತಮಂಗಲದ ಕಡೆಯ ಒಬ್ಬ ಹೆಂಗಸಿನ ಮಗುವಿನ ಎದೆಬಡಿತ ಕುಸಿದಾಗ ಥಿಯೇಟರಿಗೆ ತಳ್ಳುಗಾಡಿ ಓಡಿಸಿಕೊಂಡು ಹೋದವಳು ಅವಳೇ. ತಾಯಿ, ಮಗು ಇಬ್ಬರೂ ಆ ಕತ್ತಿಯಿಂದಲೇ ಉಳಿದರು. "ಬೇಕಾದಾಗ ಕುಯ್ಯೋದು ಪುಣ್ಯ ಮಾಮ. ನೋಡ್ದೆ ಕುಯ್ಯೋದು ಸೋಮಾರಿತನ" ಎಂದು ನನ್ನೆದುರೇ ಹೇಳಿದ್ದಾಳೆ.

ಆರು ವರ್ಷದ ಹಿಂದೆ ಅವಳನ್ನು ಬೆಂಗಳೂರಿಗೆ ತರಬೇತಿಗೆ ಕಳಿಸಿದ್ದರು. ಅಲ್ಲಿ ಡಾಕ್ಟರಮ್ಮ ಒಬ್ಬರು ಹೆರಿಗೆ ನಿಂತುಹೋದ ಹೆಂಗಸಿನ ಹೊಟ್ಟೆಯ ಮೇಲೆ ಸ್ಕ್ಯಾನಿಂಗ್ ಯಂತ್ರದ ಹಿಡಿ ಇಟ್ಟು, ಮಗುವಿನ ಕಣ್ಣುಗಳೆಲ್ಲಿವೆ, ತಲೆ ಎಷ್ಟು ಇಳಿದಿದೆ ಎಂದು ಎರಡೇ ನಿಮಿಷದಲ್ಲಿ ತೋರಿಸಿದರಂತೆ. ಶಬ್ದವನ್ನು ಒಳಗೆ ಕಳಿಸಿ, ಅದು ಮರಳಿ ಬರುವುದನ್ನು ಹಿಡಿದು ಚಿತ್ರ ಮಾಡುವ ಯಂತ್ರ. ಇದನ್ನು ಹೇಳಲು ಅರುಣ ಬಸ್ಸಿಳಿದು ನೇರ ಅಪ್ಪನ ಹತ್ತಿರ ಹೋದಳು. ಕುಪ್ಪುಸ್ವಾಮಿಗೆ ಆಗಲೇ ಗಣಿಯ ದೂಳಿನಿಂದ ಉಸಿರು ಎಳೆಯುತ್ತಿತ್ತು. "ನನ್ ಸಲಾಕೆ ಕೆಲ್ಸಾನೇ ಅಲ್ವೇನೇ ಅದು!" ಎಂದು ಕೆಮ್ಮುತ್ತ ನಕ್ಕನಂತೆ. ಆ ಚಳಿಗಾಲದಲ್ಲೇ ತೀರಿಕೊಂಡ.

ಅರುಣಳ ಆಸ್ಪತ್ರೆಯಲ್ಲೂ ಯಂತ್ರ ಇತ್ತು. ಬೀಗ ಹಾಕಿದ ಕೋಣೆಯಲ್ಲಿ, ಹೊದಿಕೆ ಹೊದ್ದು ಕೂತಿತ್ತು. ಸ್ಕ್ಯಾನಿಂಗ್ ಡಾಕ್ಟರು ಮಂಗಳವಾರ, ಶುಕ್ರವಾರ ಬರುವರು. ಅವರು ಹೋದ ಮೇಲೆ ಬೀಗ. ಯಂತ್ರಕ್ಕೆ ಕಟ್ಟುನಿಟ್ಟು ಏಕಿದೆ ಎಂಬುದು ನನಗೂ ಗೊತ್ತು. ಹೆಣ್ಣು ಕೂಸುಗಳನ್ನು ಹೊಟ್ಟೆಯಲ್ಲೇ ಹುಡುಕಿ ಮುಗಿಸುವ ಪಾಪಿಗಳಿಗಾಗಿ ಮಾಡಿದ ಕಾನೂನು ಅದು. ಒಳ್ಳೆಯ ಕಾನೂನು, ಎರಡೂ ಕೈ ಎತ್ತಿ ಮುಗಿಯುತ್ತೇನೆ. ಆದರೆ ಮಂಚದ ಮೇಲೆ ಬೇನೆ ತಿನ್ನುತ್ತಿರುವವಳ ಮಗು ಗಂಡೋ ಹೆಣ್ಣೋ ಎಂದು ಪತ್ತೆ ಮಾಡಿ ಯಾರು ಏನು ಮಾಡಿಯಾರು? ಕಾನೂನು ಹೇಳಿದ್ದು ಒಂದು, ಆಫೀಸು ಅದನ್ನು ಓದಿಕೊಂಡದ್ದು ಇನ್ನೊಂದು. ಯಂತ್ರ ಕೋಣೆಯ ಹೊಸಿಲು ದಾಟಕೂಡದು ಎಂದರು.

ಒಂದು ಶುಕ್ರವಾರ ಕೋಣೆ ತೆರೆದಿದ್ದಾಗ ಅರುಣ ತಡೆಯಲಾರದೆ ಆಯಾ ಅಮ್ಮಾಜಮ್ಮನ ಜೊತೆ ಸೇರಿ ಯಂತ್ರವನ್ನು ಚಕ್ರದ ಮೇಲೆ ಹೆರಿಗೆ ಕೋಣೆಯತ್ತ ತಳ್ಳಿಕೊಂಡು ಹೊರಟಳು. ಹತ್ತು ಹೆಜ್ಜೆಗೇ ಹಿಡಿದು ನಿಲ್ಲಿಸಿದರು. ಕಾರಣ ಕೇಳುವ ನೋಟೀಸು ಬಂತು. ಒಂದು ವರ್ಷ ಅವಳನ್ನು ಹೆರಿಗೆ ಕೋಣೆಯಿಂದ ತೆಗೆದು ಲಸಿಕೆ ವಿಭಾಗದಲ್ಲಿ ಕೂರಿಸಿದರು. ಅಪ್ಪನಿಗೆ ಒಂದು ವಾರ, ಮಗಳಿಗೆ ಒಂದು ವರ್ಷ. ವಾಪಸು ಬಂದವಳು ಅರ್ಜಿ ಬರೆಯತೊಡಗಿದಳು. 'ಯಂತ್ರವನ್ನು ಹೆರಿಗೆ ಕೋಣೆಗೆ ತರಲು ಅನುಮತಿ ಕೋರಿ'. ವರ್ಷಕ್ಕೆ ಎರಡು. ಒಂದಕ್ಕೂ ಆಗುತ್ತದೆ ಎಂದೂ ಉತ್ತರವಿಲ್ಲ, ಆಗುವುದಿಲ್ಲ ಎಂದೂ ಉತ್ತರವಿಲ್ಲ.

ಹೋದ ಮಾಘದಲ್ಲಿ ನನ್ನ ಮೊಮ್ಮಗಳು ಶ್ಯಾಮಲಾ ಅದೇ ಮಂಚಕ್ಕೆ ಬಂದಳು. ಚೊಚ್ಚಲು ಬಸಿರು. ಅವಳೂ ಅವಳ ಗಂಡ ಮುನಿರಾಜುವೂ ಇಟ್ಟಿಗೆ ಗೂಡಿನಲ್ಲಿ ಕೆಲಸ ಮಾಡುವವರು; ಅವನು ಮಣ್ಣು ಕಲಸಿದರೆ ಇವಳು ತಲೆಯ ಮೇಲೆ ಹನ್ನೆರಡು ಇಟ್ಟಿಗೆ ಹೊರುವವಳು. ಮಂಗಳವಾರ ಸಂಜೆ ನೋವು ಶುರುವಾಗಿತ್ತು. ಬುಧವಾರ ಬೆಳಿಗ್ಗೆ ನಾನು ಹೋಗುವ ಹೊತ್ತಿಗೆ ಅವಳ ಮುಖ ಸುಣ್ಣದಂತಾಗಿತ್ತು. ಒಂಬತ್ತೂಕಾಲಿಗೆ ಗರ್ಭದ ಬಾಯಿ ಪೂರ್ತಿ ತೆರೆದಿದೆ ಎಂದರು. ಹನ್ನೊಂದೂಕಾಲಾದರೂ ಮಗು ಇಳಿಯಲಿಲ್ಲ.

ಹೊರಗೆ ಸಿಮೆಂಟು ಬೆಂಚಿನ ಮೇಲೆ ನಾನೂ ಶ್ಯಾಮಲಾಳ ಅತ್ತೆ ಮುನಿಗಂಗಮ್ಮನೂ ಕೂತಿದ್ದೆವು. ಹೆರಿಗೆ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಡಾಕ್ಟರ್ ಸುಮಲತ ಎಂಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಹೊಸಿಲಲ್ಲಿ ನಿಂತು ಅರುಣಳಿಗೆ ಹೇಳುತ್ತಿದ್ದುದು ಕಿವಿಗೆ ಬಿತ್ತು.

"ಎರಡು ಗಂಟೆ ಆಯ್ತು ಸಿಸ್ಟರ್. ತಲೆ ಒಂದು ಬೆರಳೂ ಇಳಿದಿಲ್ಲ. ಥಿಯೇಟರ್ ರೆಡಿ ಮಾಡ್ಸಿ."

"ಮಗು ಮುಖ ಮೇಲಕ್ಕೈತೆ ಅನ್ಸುತ್ತೆ ಡಾಕ್ಟ್ರೇ. ನಿನ್ನೆಯಿಂದ ಬೆನ್ನಲ್ಲೇ ನೋವು ಅಂತವ್ಳೆ. ಹೊಕ್ಕುಳ ಕೆಳ್ಗೆ ಹಳ್ಳ ಬಿದ್ದೈತೆ ನೋಡಿ."

"ಅನ್ಸುತ್ತೆ ಅಂತ ಕಾಯೋಕಾಗಲ್ಲ. ನಾನೂ ಕೈಯಿಟ್ಟು ನೋಡ್ದೆ. ನೆತ್ತಿ ಊದ್ಕೊಂಡಿದೆ, ಏನೂ ಗೊತ್ತಾಗ್ತಿಲ್ಲ."

"ಗೊತ್ತಾಗೋ ಯಂತ್ರ ಅಲ್ಲೇ ಐತಲ್ಲ."

"ಮತ್ತೆ ಅದೇ ಮಾತಾ ಸಿಸ್ಟರ್? ಅದನ್ನ ಇಲ್ಲಿಗೆ ತರೋಕೆ ಬಿಡಲ್ಲ. ನಿಮಗೆ ಗೊತ್ತಿಲ್ವಾ?"

ಅರಿವಳಿಕೆ ಕೊಡುವ ಡಾಕ್ಟರು ಕೋಲಾರದಿಂದ ಹೊರಟಿದ್ದಾರೆ, ಬರಲು ಮುಕ್ಕಾಲು ಗಂಟೆ ಎಂದೂ ಹೇಳಿದರು. ಒಳಗಿನಿಂದ ಶ್ಯಾಮಲಾ ನರಳುವುದು ಕೇಳಿಸಿತು. "ಅಕ್ಕಾ, ಕುಯ್ದ್ರೆ ಗೂಡಿಗೆ ಯಾವಾಗ ಓಗ್ಬೋದು?"

ಅರುಣ ಸುಳ್ಳಾಡಲಿಲ್ಲ. "ಇಟ್ಟಿಗೆ ಹೊರೋ ಮಾತು ಆರು ತಿಂಗ್ಳು ಮರೀಬೇಕು ಕಣ್ಣು. ಇನ್ನೊಂದು ಮಗು ಆದ್ರೆ ಇಲ್ಲಿ ಅದನ್ನೂ ಕುಯ್ದೇ ತೆಗೀತಾರೆ."

"ಅಕ್ಕಾ, ಏನಾರ ಮಾಡಕ್ಕಾ" ಎಂದು ಅವಳು ಅತ್ತಳು.

ಮುನಿಗಂಗಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. "ಅಯ್ಯೋ ದೇವುಡಾ, ಹನ್ನೆರಡಕ್ಕೆ ರಾಹುಕಾಲ ಬತ್ತದೆ. ಕುಯ್ಯೋದೇ ಆದ್ರೆ ಅಷ್ಟ್ರೊಳಗೆ ಕುಯ್ದುಬುಡ್ಲಿ."

ನನಗೆ ನೆತ್ತಿಗೇರಿತು. "ಏನ್ ಬೀಗಿತ್ತಿ, ಕುಂಬಳಕಾಯೇನಮ್ಮ ಅದು, ಹೊತ್ತು ನೋಡಿ ಕುಯ್ಯಾಕೆ?"

"ನಿಮ್ ಮೊಮ್ಮಗಳು ಗೋಳಾಡೋದು ಕೇಳಕ್ಕಾಗ್ದೆ ಅಂದೆ ಕಣಣ್ಣ. ನಂಗೇನು ಕುಯ್ಯೋ ಆಸೆನಾ?" ಎಂದು ಅವಳೂ ಕಣ್ಣೀರು ಹಾಕಿದಳು.

ಅಷ್ಟರಲ್ಲಿ ಅಮ್ಮಾಜಮ್ಮ ಬಿಸಿನೀರಿನ ಪಾತ್ರೆ ಹಿಡಿದು ಬಂದಳು. ಅಕ್ಷರ ಕಲಿಯದವಳು, ನಾಲಿಗೆ ಮಾತ್ರ ಚುರುಕು. ಹೊಸಿಲಲ್ಲಿ ನಿಂತ ಇಬ್ಬರನ್ನೂ ನೋಡಿ ಪಾತ್ರೆ ಕೆಳಗಿಟ್ಟಳು.

"ಆ ಮಾರಾಯ್ತಿ ಯಂತ್ರ ಇಲ್ಲಿಗ್ ಬರಲ್ಲ ಅಂದ್ರೆ ಇವ್ಳೇ ಅಲ್ಲಿಗ್ ಓಗ್ಲಿ ಬುಡ್ರಮ್ಮ. ಯಂತ್ರಕ್ಕೆ ಚಕ್ರ ಐತೆ, ಇವ್ಳಿಗೆ ಕಾಲಿಲ್ವ?"

ಅರುಣ ಅಮ್ಮಾಜಮ್ಮನ ಮುಖವನ್ನೇ ನೋಡುತ್ತ ನಿಂತಳು. ಆರು ವರ್ಷ, ಹತ್ತು ಅರ್ಜಿ, ಪ್ರತಿಯೊಂದರಲ್ಲೂ ಯಂತ್ರವನ್ನು ಇಲ್ಲಿಗೆ ತರುವ ಮಾತು. ಹೆಂಗಸನ್ನು ಅಲ್ಲಿಗೆ ನಡೆಸುವ ಮಾತು ಬರೆದವಳಿಗೂ ಹೊಳೆದಿರಲಿಲ್ಲ, ಓದಿದವರಿಗೂ ಹೊಳೆದಿರಲಿಲ್ಲ. ಬೇನೆ ಬಂದವಳು ಮಂಚದ ಮೇಲೇ ಇರಬೇಕು ಎಂಬುದು ಆಸ್ಪತ್ರೆಯ ಗೋಡೆಗೂ ಅಭ್ಯಾಸವಾಗಿಬಿಟ್ಟಿತ್ತು. ಹೆಂಗಸರನ್ನು ಕೋಣೆಯೊಳಗೆ ದಿನವೂ ನಡೆಸುತ್ತಿದ್ದ ಅರುಣಳೇ ಬಾಗಿಲಾಚೆ ನಡೆಸುವುದನ್ನು ಎಣಿಸಿರಲಿಲ್ಲ.

"ಅದು ಸರಿ, ಯಂತ್ರ ಮುಟ್ಟೋರು ಯಾರು? ಸ್ಕ್ಯಾನ್ ಡಾಕ್ಟ್ರು ಶುಕ್ರವಾರ ತಾನೇ ಬರೋದು" ಎಂದರು ಡಾಕ್ಟರ್ ಸುಮಲತ.

ಬೆಳಿಗ್ಗೆ ಏಳರಿಂದ ನಾನು ಆ ಬೆಂಚಿನ ಮೇಲಿದ್ದೆ. ಎದುರಿಗೇ ಸ್ಕ್ಯಾನಿಂಗ್ ಕೋಣೆಯ ಬೋರ್ಡು. ನಾನು ಓದಲು ಕಲಿತದ್ದೇ ಗಣಿಯ ಬೋರ್ಡುಗಳಿಂದ. ಕಣ್ಣೆದುರು ಅಕ್ಷರವಿದ್ದರೆ ಬಿಡುವವನಲ್ಲ. ಇಲ್ಲಿ ಭ್ರೂಣದ ಲಿಂಗ ಪತ್ತೆ ಮಾಡುವುದಿಲ್ಲ ಎಂಬುದರ ಕೆಳಗೆ ಯಂತ್ರವನ್ನು ಬಳಸಲು ಒಪ್ಪಿಗೆಯುಳ್ಳ ಡಾಕ್ಟರುಗಳ ಹೆಸರು ಬರೆದಿತ್ತು.

"ಡಾಕ್ಟ್ರಮ್ಮ, ಅಲ್ಲಿ ಎರಡ್ನೇ ಎಸ್ರು ನಿಮ್ದೇ" ಎಂದೆ.

ಅವರು ತಿರುಗಿ ನೋಡಿದರು. ನಾಲ್ಕು ಹೆಜ್ಜೆ ಮುಂದೆ ಹೋಗಿ ಓದಿದರು. ಕೆಲಸಕ್ಕೆ ಸೇರಿದಾಗ ಯಾವುದೋ ಕಾಗದಕ್ಕೆ ಸಹಿ ಹಾಕಿಸಿಕೊಂಡದ್ದು ಆಗ ನೆನಪಾಯಿತಂತೆ. ಒಂದೂವರೆ ವರ್ಷದಿಂದ ತಮ್ಮದೇ ಹೆಸರಿನ ಮುಂದೆ ದಿನಾ ಓಡಾಡಿದ್ದರು. ಆ ಕೋಣೆ ತಮ್ಮದಲ್ಲ ಎಂದುಕೊಂಡವರಿಗೆ ಅದರ ಬೋರ್ಡನ್ನು ಓದುವ ಗೊಡವೆ ಏಕೆ?

"ಮಗು ಎದೆಬಡಿತ ಹೇಗಿದೆ?" ಎಂದು ಕೇಳಿದರು.

"ಈಗ್ ತಾನೇ ನೋಡ್ದೆ. ಚೆನ್ನಾಗೈತೆ. ಅರಿವಳಿಕೆ ಡಾಕ್ಟ್ರು ಬರೋವರ್ಗೆ ನಾವ್ ಹೆಂಗೂ ಕಾಯ್ಲೇಬೇಕು. ಸುಮ್ನೆ ಕಾಯೋ ಬದ್ಲು ನೋಡೋಣ. ಕುಯ್ಲೇಬೇಕು ಅಂದ್ರೆ ನಾನೇ ಥಿಯೇಟರಿಗೆ ತಳ್ಕೊಂಡು ಓಗ್ತೀನಿ" ಎಂದಳು ಅರುಣ.

ಬೀಗದಕೈ ಆಫೀಸಿನ ಕಾಂತರಾಜನ ಮೇಜಿನೊಳಗಿತ್ತು. ಅವನು ಕಿಟಕಿಯ ಹಿಂದೆ ಕುರ್ಚಿಗೆ ಅಂಟಿಕೊಂಡವನಂತೆ ಕೂತಿದ್ದ.

"ಇವತ್ತು ಬುಧವಾರ ಮೇಡಂ. ಸ್ಕ್ಯಾನ್ ಇರೋದು ಮಂಗಳವಾರ, ಶುಕ್ರವಾರ."

"ಹೆರಿಗೆ ಬುಧವಾರ ಆಗ್ತಿದೆ ಕಾಂತರಾಜ್."

"ಸಾಹೇಬ್ರು ಮೀಟಿಂಗಿಗೆ ಓಗವ್ರೆ. ಕೇಳ್ದೆ ಕೊಟ್ರೆ ನನ್ ಕುತ್ತಿಗೆಗೆ ಬತ್ತದೆ."

ಹಿಂದೆ ನಿಂತಿದ್ದ ನನಗೆ ತಡೆಯಲಾಗಲಿಲ್ಲ. "ಲೇ ಕಾಂತರಾಜು, ಗಣಿ ಒಳ್ಗೆ ಗಾಯ ಆದೋರ ಮದ್ದಿನ ಪೆಟ್ಟಿಗೆಗೆ ಬೀಗಾನೇ ಆಕ್ತಿರ್ಲಿಲ್ಲ ಕಣ್ಲಾ. ಯಾಕೆ ಗೊತ್ತಾ? ಬೀಗದಕೈ ಇರೋನು ಮೇಲೆ ಇರ್ತಾನೆ, ಸಾಯೋನು ಕೆಳ್ಗೆ ಇರ್ತಾನೆ ಅಂತ!"

"ತಾತ, ನೀವು ಆಚೆ ಕೂತ್ಕೊಳ್ಳಿ" ಎಂದ. ಆದರೆ ಕಣ್ಣು ತಗ್ಗಿಸಿದ.

ಡಾಕ್ಟರ್ ಸುಮಲತ ಮೇಜಿನ ಮೇಲಿದ್ದ ಒಂದು ಚೀಟಿ ಎಳೆದುಕೊಂಡು, ಕೋಣೆಯನ್ನು ತಾವೇ ತೆರೆಸುತ್ತಿರುವುದಾಗಿಯೂ ಪ್ರತಿ ಸ್ಕ್ಯಾನಿಗೂ ಕಾನೂನು ಕೇಳುವ ಫಾರಂ ತಾವೇ ತುಂಬುವುದಾಗಿಯೂ ಬರೆದು ಸಹಿ ಮಾಡಿದರು. ಕಾಂತರಾಜ ಅದನ್ನು ಮೂರು ಸಲ ಓದಿ ಬೀಗದಕೈ ಮುಂದಿಟ್ಟ.

ಶ್ಯಾಮಲಾ ಹೊರಗೆ ಬಂದಳು. ಒಂದು ತೋಳು ಅರುಣಳ ಹೆಗಲ ಮೇಲೆ, ಇನ್ನೊಂದು ಅಮ್ಮಾಜಮ್ಮನ ಹೆಗಲ ಮೇಲೆ. ನಡುದಾರಿಯಲ್ಲಿ ಬೇನೆ ಬಂತು. ಕಿಟಕಿಯ ಸರಳು ಹಿಡಿದು ಬಗ್ಗಿ ನಿಂತಳು. ಕಾಯುತ್ತಿದ್ದ ಹೆಂಗಸರೆಲ್ಲ ಎದ್ದು ನಿಂತರು. ಗಂಡಸರು ಗೋಡೆಯ ಕಡೆ ತಿರುಗಿದರು. ಬೇನೆ ಇಳಿಯಿತು, ಮತ್ತೆ ಹೆಜ್ಜೆ ಇಟ್ಟಳು.

ಒಳಗೆ ನಡೆದದ್ದನ್ನು ಆಮೇಲೆ ಅರುಣ ಹೇಳಿದಳು. ಹೊಟ್ಟೆಯ ಕೆಳಭಾಗಕ್ಕೆ ಹಿಡಿ ಒತ್ತಿದ ಕೂಡಲೆ ತೆರೆಯ ಮೇಲೆ ಎರಡು ಕಪ್ಪು ಗುಂಡಿಗಳು ಮೂಡಿದವಂತೆ. ಮಗುವಿನ ಕಣ್ಣಿನ ಗುಳಿಗಳು. ಎರಡೂ ನೇರ ಮೇಲಕ್ಕೆ, ನೋಡುವವರನ್ನೇ ನೋಡುವ ಹಾಗೆ. "ಮುಖ ಮೇಲಕ್ಕೇ ಇದೆ ಸಿಸ್ಟರ್" ಎಂದರು ಡಾಕ್ಟರು. ಆಮೇಲೆ ಹಿಡಿಗೆ ಗ್ಲೌಸು ಹಾಕಿ ಕೆಳಗಿನಿಂದ ಇಟ್ಟು, ಶ್ಯಾಮಲಾಳಿಗೆ ಉಸಿರು ಕಟ್ಟಿ ಮುಕ್ಕಲು ಹೇಳಿದರು. ಮುಕ್ಕಿದಾಗ ತಲೆ ಕೆಳಕ್ಕೆ ಜರುಗುವುದು ಕಣ್ಣಿಗೆ ಕಂಡಿತು. ಕೈಗೆ ಸಿಗದೆ ಇದ್ದದ್ದು ಅದು. ದಾರಿ ಇತ್ತು. ತಲೆ ಇಳಿಯುತ್ತಿತ್ತು. ತಿರುಗಬೇಕಿತ್ತು, ಅಷ್ಟೇ.

ಮತ್ತೆ ಇಪ್ಪತ್ತಾರು ಹೆಜ್ಜೆ ವಾಪಸು. ಅರುಣ ಅವಳನ್ನು ಮಂಚದ ಮೇಲೆ ಮಂಡಿಯೂರಿಸಿ, ಕೈ ಊರಿಸಿ ನಾಲ್ಕು ಬೇನೆ ಕಳೆಯಿಸಿದಳು. ಆಮೇಲೆ ಡಾಕ್ಟರು ಒಳಗೆ ಕೈಯಿಟ್ಟು ತಲೆಯನ್ನು ಮೆಲ್ಲಗೆ ತಿರುಗಿಸಲು ನೋಡಿದರು. ಎರಡು ಸಲ ಜಾರಿತು. ಕೋಲಾರದ ಡಾಕ್ಟರು ಅಷ್ಟರಲ್ಲಿ ಬಂದು ಥಿಯೇಟರಿನ ಬಾಗಿಲಲ್ಲಿ ಗಡಿಯಾರ ನೋಡುತ್ತ ನಿಂತರು. ಮೂರನೆಯ ಸಲ ತಲೆ ತಿರುಗಿ ನಿಂತಿತು. ಅರುಣ ಪ್ರತಿ ಬೇನೆಗೂ ಎದೆಬಡಿತ ಕೇಳುತ್ತಲೇ ಇದ್ದಳು. ಹನ್ನೆರಡೂ ಐವತ್ತಕ್ಕೆ, ರಾಹುಕಾಲದ ನಟ್ಟನಡುವೆ, ಹೆಣ್ಣು ಕೂಸು ಕಿರುಚಿತು.

ಮುನಿಗಂಗಮ್ಮ ಕೂಸನ್ನು ಎತ್ತಿಕೊಂಡು ನಕ್ಕಳು. "ರಾಹುನೇ ಎದ್ರುಕೊಂಡು ದಾರಿ ಬುಟ್ಟವ್ನೆ ಕಣಣ್ಣ ಇವ್ಳಿಗೆ."

ಇಲ್ಲಿಗೇ ಮುಗಿದಿದ್ದರೆ ಇದನ್ನು ನಾನು ಬರೆಯಲು ಕೂರುತ್ತಿರಲಿಲ್ಲ. ಒಂಬತ್ತನೆಯ ದಿನ ಅರುಣಳಿಗೆ ನೋಟೀಸು ಬಂತು. ಚೀಟಿ ಬರೆದುಕೊಟ್ಟವರು ಡಾಕ್ಟರು, ಯಂತ್ರ ಹಿಡಿದವರು ಡಾಕ್ಟರು, ಫಾರಂ ತುಂಬಿದವರು ಡಾಕ್ಟರು. ನೋಟೀಸು ಮಾತ್ರ ನರ್ಸಿಗೆ! ಸ್ಕ್ಯಾನಿಂಗ್ ಇಲ್ಲದ ದಿನ ರೋಗಿಯನ್ನು ಸ್ಕ್ಯಾನಿಂಗ್ ಕೋಣೆಗೆ ಕರೆದೊಯ್ದ ಕಾರಣವೇನು, ಹಿಂದೆ ಯಂತ್ರ ಸರಿಸಿದ ತಪ್ಪಿಗೆ ಎಚ್ಚರಿಸಿದ್ದರೂ ಮರುಕಳಿಸಿದ್ದೇಕೆ ಎಂದು ಕೇಳಿದ್ದರು. ಒಂದು ಹೆಂಗಸಿನ ಹೊಟ್ಟೆ ಕೊಯ್ಯದೆ ಉಳಿದುದಕ್ಕೆ ಕಾರಣ ಕೇಳುವ ಲೋಕ ಇದು. ಕೊಯ್ದಿದ್ದರೆ ಒಬ್ಬರೂ ಕೇಳುತ್ತಿರಲಿಲ್ಲ. ಆರು ವರ್ಷದಲ್ಲಿ ಆ ಬೀಗದ ಈಚೆ ಎಷ್ಟು ಹೆಂಗಸರು ಸುಮ್ಮಸುಮ್ಮನೆ ಗೀರು ಹೊತ್ತು ಮನೆಗೆ ಹೋದರೋ, ಅವರ ಪರವಾಗಿ ಯಾರಿಗೂ ನೋಟೀಸು ಹೋಗಿಲ್ಲ. ಡಾಕ್ಟರ್ ಸುಮಲತ ತಾವೇ ಹೊಣೆ ಎಂದು ಬರೆದುಕೊಟ್ಟಿದ್ದಾರೆ. ಆ ಮಟ್ಟಿಗೆ ಗಟ್ಟಿ ಹೆಣ್ಣು.

ಅರುಣ ಉತ್ತರವನ್ನು ನನಗೆ ಓದಿ ತೋರಿಸಿದಳು. ಎರಡೇ ಸಾಲು. 'ನಾನು ಯಂತ್ರವನ್ನು ಸರಿಸಿಲ್ಲ. ಹೆಂಗಸನ್ನು ನಡೆಸಿದ್ದೇನೆ, ನಾಳೆಯೂ ನಡೆಸುತ್ತೇನೆ.'

"ಎರಡ್ನೇ ಮಾತು ಬೇಕಿತ್ತೇನಮ್ಮ?" ಎಂದೆ. ಮತ್ತೆ ಲಸಿಕೆ ವಿಭಾಗಕ್ಕೆ ಹಾಕಿಯಾರೆಂದು ನನಗೆ ಭಯ.

"ಅಪ್ಪ ಆ ವಾರ ಹಟ್ಟಿ ಮುಂದೆ ಸುಮ್ನೆ ಕೂತಿದ್ರು ಮಾಮ. ನಂಗೆ ಸುಮ್ನೆ ಕೂರಕ್ಕೆ ಬರಲ್ಲ" ಎಂದು ಕಾಗದ ಮಡಚಿದಳು.

ಶ್ಯಾಮಲಾ ಮೂರು ತಿಂಗಳ ಬಾಣಂತನ ಮುಗಿಸಿ ಗೂಡಿಗೆ ಹೋಗುತ್ತಿದ್ದಾಳೆ. ಕೂಸು ಬೇವಿನ ನೆರಳಿನ ಜೋಳಿಗೆಯಲ್ಲಿ ಮಲಗುತ್ತದೆ. ಹೋದ ವಾರ ಲಸಿಕೆ ಹಾಕಿಸಲು ಕರೆದುಕೊಂಡು ಹೋಗಿದ್ದೆ. ಸೂಜಿ ಹಿಡಿದು ಕೂತಿದ್ದವಳು ಅರುಣ ಅಲ್ಲ. ಅವಳನ್ನು ಮತ್ತೆ ಅಲ್ಲಿ ಕೂರಿಸುವಷ್ಟು ಧೈರ್ಯ ಈ ಸಲ ಆಫೀಸಿಗೆ ಬರಲಿಲ್ಲ; ಅವಳು ಹೆರಿಗೆ ಕೋಣೆಯಲ್ಲೇ ಇದ್ದಳು. ಅಲ್ಲಿ ಬಾಗಿಲ ಪಕ್ಕದ ಗೋಡೆಗೆ ಅಮ್ಮಾಜಮ್ಮ ಒಂದು ಮೊಳೆ ಹೊಡೆದಿದ್ದಾಳೆ, ಬೀಗದಕೈ ನೇತುಹಾಕಲು. ಬೀಗದಕೈ ಇನ್ನೂ ಕಾಂತರಾಜನ ಮೇಜಿನಲ್ಲೇ ಇದೆ. ಹೆರಿಗೆ ನಿಂತುಹೋದಾಗಲೆಲ್ಲ ಡಾಕ್ಟರ್ ಸುಮಲತ ಚೀಟಿ ಬರೆಯುತ್ತಾರೆ, ಅವನು ಮೂರು ಸಲ ಓದುತ್ತಾನೆ, ಅಷ್ಟು ಹೊತ್ತೂ ಒಬ್ಬಳು ಕಿಟಕಿಯ ಸರಳು ಹಿಡಿದು ನಿಂತಿರುತ್ತಾಳೆ.